ಪೆಟ್ಟಿಗೆ ಮೇಲೆ 12 ತಿಂಗಳು, ಮನೆಯಲ್ಲಿ ಏಳು: ವೈರ್‌ಲೆಸ್ ಮೌಸಿನ ಸೆಲ್ ಲೆಕ್ಕ

ಇವತ್ತಿನ ವಿಷಯ ಕೇಳಿ ಕೆಲವರು ನಗಬಹುದು. ಕುಬರ್ನೆಟಿಸ್, ಸಿಸ್ಟಮ್ ಡಿಸೈನ್ ಅಂತ ಮಾತಾಡ್ತಿದ್ದವನು ಈಗ ಮೌಸಿನ ಸೆಲ್ಲಿಗೆ ಬಂದು ನಿಂತನಲ್ಲ ಅಂತ. ನಗಿ, ಪರವಾಗಿಲ್ಲ. ಆದ್ರೆ ನಡೆದ ಕಥೆ ಮೊದಲು ಕೇಳಿ.

ಒಂದು ಜುಲೈ ದಿನ. ಬೆಳಗ್ಗೆಯಿಂದ ಒಂದೇ ಸಮ ಮಳೆ, ಸಾಯನ್-ಕುರ್ಲಾ ನಡುವೆ ಹಳಿ ಮೇಲೆ ನೀರು, ಸೆಂಟ್ರಲ್ ಲೈನ್ ನಿಂತಿದೆ. ಮನೆಯಿಂದಲೇ ಕೆಲಸ ಮಾಡಿ ಅಂತ ಆಫೀಸಿನ ಮೆಸೇಜ್ ಬಂತು. ಡೊಂಬಿವಲಿಯ ನಮ್ಮ ಒನ್ ಬಿಎಚ್‌ಕೆಯಲ್ಲಿ ನನ್ನ ಆಫೀಸು ಅಂದ್ರೆ ಹಾಲಿನ ಮೂಲೆಯ ಎರಡಡಿ ಟೇಬಲ್ಲು. ಜಾಗ ಸಾಲದೆ ಲ್ಯಾಪ್‌ಟಾಪ್ ಮುಚ್ಚಿ, ಗೋಡೆಗೆ ಒರಗಿಸಿ ನಿಲ್ಲಿಸಿ, ಮಾನಿಟರಿಗೆ ಜೋಡಿಸಿಕೊಂಡಿರ್ತೀನಿ. ಮಧ್ಯಾಹ್ನ ಕ್ಲೈಂಟಿಗೆ ಡೆಮೊ ಇತ್ತು. ಆರು ವಾರದ ಕೆಲಸ. ಟೀಮಿಗೆ ಹೊಸದಾಗಿ ಬಂದಿದ್ದ ಇಬ್ಬರು ಹುಡುಗರ ಕಾಂಟ್ರ್ಯಾಕ್ಟ್ ಮುಂದುವರಿಯುತ್ತೋ ಇಲ್ಲವೋ ಅನ್ನೋದೂ ಆ ಡೆಮೊ ಮೇಲೆಯೇ ನಿಂತಿತ್ತು. ಸ್ಕ್ರೀನ್ ಶೇರ್ ಆಗಿ ಹತ್ತು ನಿಮಿಷಕ್ಕೆ ಕರ್ಸರ್ ನಿಂತುಬಿಡ್ತು.

ಟಚ್‌ಪ್ಯಾಡ್ ಇದೆಯಲ್ಲ ಅಂತೀರಿ. ಇದೆ, ಮುಚ್ಚಿದ ಲ್ಯಾಪ್‌ಟಾಪಿನ ಒಳಗೆ! ಮುಚ್ಚಳ ಎತ್ತಿದ ಕೂಡಲೇ ಪರದೆಗಳೆಲ್ಲ ಜಾಗ ಬದಲಾಯಿಸಿಕೊಂಡು, ತೋರಿಸ್ತಿದ್ದ ವಿಂಡೋ ಎಲ್ಲೋ ಹೋಗಿ, ಕ್ಲೈಂಟಿಗೆ ನನ್ನ ಚಾಟ್ ಕಾಣಿಸ್ತು. ಮನೆಯಲ್ಲಿ ಹೊಸ ಸೆಲ್ ಇಲ್ಲ. ಹೊರಗೆ ಮೊಣಕಾಲುದ್ದ ನೀರು. ಕುರ್ಚಿ ಹತ್ತಿ ಗೋಡೆ ಗಡಿಯಾರ ಇಳಿಸಿ, ಅದರ ಸೆಲ್ ಕಿತ್ತು ಮೌಸಿಗೆ ಹಾಕಿದೆ. ಡೆಮೊ ಹೇಗೋ ಮುಗೀತು. ಹುಡುಗರ ಕಾಂಟ್ರ್ಯಾಕ್ಟೂ ಮುಂದುವರಿಯಿತು, ಅವರ ಅದೃಷ್ಟ. ಗಡಿಯಾರಕ್ಕೆ ಸೆಲ್ ಹಾಕೋದು ನಾನು ಮರೆತೆ. ಮರುದಿನ ಅದನ್ನೇ ನಂಬಿದ ನನ್ನ ಹೆಂಡತಿಗೆ 8:12ರ ಫಾಸ್ಟ್ ತಪ್ಪಿತು. ಆ ಮಾತುಕತೆ ಇಲ್ಲಿ ಬೇಡ.

ಅಸಲಿ ನಷ್ಟ ಗೊತ್ತಾಗಿದ್ದು ಎರಡೂವರೆ ತಿಂಗಳ ಮೇಲೆ. ಮೌಸ್ ಮತ್ತೆ ನಿಂತಾಗ ಮುಚ್ಚಳ ತೆಗೆದೆ. ಒಳಗೆ ಬಿಳಿ-ಕಂದು ಬಣ್ಣದ ಪುಡಿ ಕಟ್ಟಿಕೊಂಡಿದೆ, ಸ್ಪ್ರಿಂಗ್ ಮುಟ್ಟಿದ್ರೆ ಮುರಿದು ಕೈಗೆ ಬಂತು. ಮೊದಲ ಸಂಬಳದಲ್ಲಿ ಲ್ಯಾಮಿಂಗ್ಟನ್ ರೋಡಲ್ಲಿ ಕೊಂಡಿದ್ದ ಮೌಸ್ ಅದು. ಎಂಟು ವರ್ಷ ದುಡಿದಿದ್ದು, ಒಂದು ತಪ್ಪು ಸೆಲ್ಲಿಗೆ ಹೋಯ್ತು. ಆ ಸೆಲ್ಲಲ್ಲಿ ತಪ್ಪು ಏನಿತ್ತು ಅಂತ ಹುಡುಕೋಕೆ ಹೋಗಿ ಕಲಿತದ್ದನ್ನೇ ಇವತ್ತು ಹೇಳ್ತಿದೀನಿ.

ಮೊದಲು ಮೌಸ್ ಕರೆಂಟನ್ನು ಎಲ್ಲಿ ಖರ್ಚು ಮಾಡುತ್ತೆ ನೋಡೋಣ. ಅದರ ಹೊಟ್ಟೆಯಡಿ ಒಂದು ಪುಟ್ಟ ಕ್ಯಾಮೆರಾ ಇದೆ, ಪಕ್ಕದಲ್ಲಿ ಒಂದು ಎಲ್‌ಇಡಿ ದೀಪ. ನೀವು ಮೌಸ್ ಆಡಿಸುವಾಗ ಅದು ಟೇಬಲ್ ಮೇಲ್ಮೈಯ ಚಿತ್ರವನ್ನು ಸೆಕೆಂಡಿಗೆ ಸಾವಿರಾರು ಸಲ ತೆಗೆದು, ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಎಷ್ಟು ಸರಿದಿದೆ ಅಂತ ಲೆಕ್ಕ ಹಾಕಿ, ರೇಡಿಯೋದಲ್ಲಿ ಕಂಪ್ಯೂಟರಿಗೆ ಕಳಿಸುತ್ತೆ. ಕೈ ತೆಗೆದರೆ ನಿದ್ದೆಗೆ ಜಾರುತ್ತೆ. ಆಗ ಸೆಕೆಂಡಿಗೆ ಕೆಲವೇ ಸಲ ಕಣ್ಣು ತೆರೆದು, ಯಾರಾದರೂ ಅಲ್ಲಾಡಿಸಿದರಾ ಅಂತ ನೋಡುತ್ತೆ. ಅಂದ್ರೆ ಸೆಲ್ ತಿನ್ನೋದು ಚಲನೆ. ಸುಮ್ಮನೆ ಬಿದ್ದಿದ್ದಾಗ ಖರ್ಚು ಬಹಳ ಕಮ್ಮಿ.

ಈಗ ಪೆಟ್ಟಿಗೆ ಮೇಲೆ ಬರೆದಿರೋ ಲೆಕ್ಕಕ್ಕೆ ಬನ್ನಿ. ನಮ್ಮಲ್ಲಿ ಬಹಳ ಜನರ ಕೈಯಲ್ಲಿರೋ ಲಾಜಿಟೆಕ್ ಎಂ185 ತಗೊಳ್ಳಿ. ಒಂದು ಡಬಲ್ ಎ ಸೆಲ್, ನಾವು ಪೆನ್ಸಿಲ್ ಸೆಲ್ ಅಂತೀವಲ್ಲ ಅದು, 12 ತಿಂಗಳವರೆಗೆ ಅನ್ನುತ್ತೆ. ಒಳ್ಳೆಯ ಆಲ್ಕಲೈನ್ ಪೆನ್ಸಿಲ್ ಸೆಲ್ಲಲ್ಲಿ, ಮೌಸಿನಂಥ ಸಣ್ಣ ಹೊರೆಗೆ, ಸುಮಾರು 2500 ಎಂಎಎಚ್ ಸಿಗುತ್ತೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 8760 ಗಂಟೆ. ಭಾಗಿಸಿದರೆ ಸರಾಸರಿ 0.29 ಮಿಲಿಆಂಪ್. ಆದ್ರೆ ಎಚ್ಚರವಾಗಿ ಓಡುವಾಗ ಈ ಜಾತಿಯ ಮೌಸ್ ಕೆಲವು ಮಿಲಿಆಂಪ್ ಎಳೆಯುತ್ತೆ. ನಾಲ್ಕು ಅಂತ ಹಿಡಿದರೆ, 12 ತಿಂಗಳು ಬಾಳಬೇಕಾದ್ರೆ ದಿನದಲ್ಲಿ ಅದು ಓಡಬಹುದಾದ್ದು ಒಂದೂಮುಕ್ಕಾಲು ಗಂಟೆಗಿಂತ ಕಮ್ಮಿ. ಅದೂ ಭಾನುವಾರ ಸೇರಿಸಿ. ಪೆಟ್ಟಿಗೆ ಸುಳ್ಳು ಹೇಳಿಲ್ಲ, ನಮ್ಮಂಥವರ ಕೆಲಸವನ್ನು ಲೆಕ್ಕಕ್ಕೆ ಹಿಡಿದಿಲ್ಲ ಅಷ್ಟೇ.

ನಾನು ದಿನಕ್ಕೆ ನಾಲ್ಕು ಗಂಟೆ ನಿಜವಾಗಿ ಮೌಸ್ ಆಡಿಸ್ತೀನಿ ಅಂದ್ಕೊಳ್ಳಿ. ದಿನಕ್ಕೆ 16 ಎಂಎಎಚ್, ತಿಂಗಳಿಗೆ 22 ಕೆಲಸದ ದಿನ, ಒಟ್ಟು 352. ಸುಮಾರು ಏಳು ತಿಂಗಳು. ನನ್ನ ಅನುಭವವೂ ಇದರ ಹತ್ತಿರವೇ ಇದೆ. ದಿನವಿಡೀ ಡಿಸೈನ್ ಮಾಡೋರಿಗೆ ಇನ್ನೂ ಕಮ್ಮಿ, ಟರ್ಮಿನಲ್ಲಲ್ಲೇ ಬದುಕೋರಿಗೆ ವರ್ಷ ದಾಟಬಹುದು.

ಗೇಮಿಂಗ್ ಮೌಸ್ ಆಫೀಸಿಗೆ ತಂದ್ರೆ ಹೇಗೆ ಅಂತ ಕೇಳೋರಿದ್ದಾರೆ. ಲಾಜಿಟೆಕ್ ಜಿ304 ಕೂಡ ಒಂದೇ ಪೆನ್ಸಿಲ್ ಸೆಲ್ಲಿನದು, ಆದ್ರೆ ಕಂಪನಿ ಹೇಳೋದು 250 ಗಂಟೆ. ಸೆಕೆಂಡಿಗೆ ಸಾವಿರ ಸಲ ಕಂಪ್ಯೂಟರಿಗೆ ವರದಿ ಒಪ್ಪಿಸೋದರ ಬೆಲೆ ಅದು. ದಿನಕ್ಕೆ ಎಂಟು ಗಂಟೆ ಬಿಡದೆ ಓಡಿಸಿದರೆ 31 ದಿನ. ಅದೇ ಮೌಸನ್ನು ನಿಧಾನದ ಮೋಡಿಗೆ ಹಾಕಿದ್ರೆ ಒಂಬತ್ತು ತಿಂಗಳು ಅಂತಾರೆ. ಎಕ್ಸೆಲ್ ಶೀಟಿಗೆ ಸಾವಿರ ಸಲ ವರದಿ ಯಾರಿಗೂ ಬೇಕಿಲ್ಲ. ಇದ್ದರೆ ಸೆಟ್ಟಿಂಗಲ್ಲಿ ಇಳಿಸಿ.

ಈಗ ಸೆಲ್ಲಿನ ಜಾತಿ. ನಾನು ಎಡವಿದ್ದೇ ಇಲ್ಲಿ. ಕಿರಾಣಿ ಅಂಗಡಿಯಲ್ಲಿ "ಭಯ್ಯಾ, ಪೆನ್ಸಿಲ್ ಸೆಲ್ ದೇನಾ" ಅಂದ್ರೆ ಸಾಮಾನ್ಯವಾಗಿ ಕೈಗೆ ಬರೋದು ಜಿಂಕ್ ಕಾರ್ಬನ್ ಸೆಲ್. ಗಡಿಯಾರಕ್ಕೆ, ಟಿವಿ ರಿಮೋಟಿಗೆ ಅದು ಸರಿ. ಅದರ ಸಾಮರ್ಥ್ಯ ಆಲ್ಕಲೈನಿನ ಅರ್ಧಕ್ಕಿಂತ ಕಮ್ಮಿ. ಸಾವಿರ ಎಂಎಎಚ್ ಅಂತ ಧಾರಾಳವಾಗಿ ಕೊಟ್ಟರೂ ನನ್ನ ಲೆಕ್ಕದಲ್ಲಿ ಮೂರು ತಿಂಗಳು ಬರಲ್ಲ. ಇನ್ನೊಂದು ವಿಷಯ, ಈ ಸೆಲ್ಲಿನ ಹೊರಗಿನ ಡಬ್ಬವೇ ಸತುವಿನದು, ಆ ಸತುವೇ ಇಂಧನ. ಅಂದ್ರೆ ಸೆಲ್ ಕೆಲಸ ಮಾಡ್ತಾ ಮಾಡ್ತಾ ತನ್ನ ಗೋಡೆಯನ್ನೇ ತಿಂದುಕೊಳ್ಳುತ್ತೆ. ಗೋಡೆ ತೂತಾದರೆ ಒಳಗಿನ ರಸ ಹೊರಗೆ. ನನ್ನ ಸ್ಪ್ರಿಂಗ್ ತಿಂದದ್ದು ಆ ರಸ.

ಗುರುತಿಸೋದು ಹೇಗೆ? ಬಣ್ಣ ನೋಡಬೇಡಿ, ಹೆವಿ ಡ್ಯೂಟಿ ಅನ್ನೋ ಪದಕ್ಕೂ ಮರುಳಾಗಬೇಡಿ. ಹೆವಿ ಡ್ಯೂಟಿ ಅಂತ ದೊಡ್ಡದಾಗಿ ಬರೆದಿರೋದು ಬಹುತೇಕ ಜಿಂಕ್ ಸೆಲ್ಲುಗಳ ಮೇಲೆಯೇ. ಸೆಲ್ ತಿರುಗಿಸಿ ಸಣ್ಣ ಅಕ್ಷರ ಓದಿ. ಬರೀ ಆರ್6 ಅಂತಿದ್ರೆ ಜಿಂಕ್ ಕಾರ್ಬನ್. ಎಲ್‌ಆರ್6 ಅಂತಿದ್ರೆ ಆಲ್ಕಲೈನ್. ಎಚ್‌ಆರ್6 ರೀಚಾರ್ಜ್ ಮಾಡೋ ನಿಕೆಲ್ ಸೆಲ್. ಎಫ್‌ಆರ್6 ಅಂದ್ರೆ ಬಿಸಾಡೋ ಲಿಥಿಯಂ. ಇದು ಅಂತರರಾಷ್ಟ್ರೀಯ ಸಂಕೇತ, ಯಾವ ಕಂಪನಿಯದಾದರೂ ಇದೇ. ಸಣ್ಣ ಸೆಲ್ಲಾದ ಟ್ರಿಪಲ್ ಎ ಆದ್ರೆ 6ರ ಜಾಗದಲ್ಲಿ 03 ಇರುತ್ತೆ. ಎಲ್ಲ ಬಿಟ್ಟು ಇದೊಂದು ನೆನಪಿಟ್ಟುಕೊಂಡರೂ ಸಾಕು.

ಆಲ್ಕಲೈನ್ ಸೋರೋದೇ ಇಲ್ಲ ಅಂತಲ್ಲ. ಪೂರ್ತಿ ಬರಿದಾದ ಮೇಲೂ ಒಳಗೇ ಬಿಟ್ಟರೆ ಗ್ಯಾಸ್ ಹುಟ್ಟಿ, ಸೀಲ್ ಒಡೆದು ಅದೂ ಸೋರುತ್ತೆ. 2020ರ ಮಾರ್ಚಲ್ಲಿ ಆಫೀಸಿನ ಡ್ರಾಯರಲ್ಲಿ ಮೌಸ್ ಬಿಟ್ಟು ಊರಿಗೆ ಹೋಗಿ ತಿಂಗಳುಗಟ್ಟಲೆ ವಾಪಸ್ ಬರದೇ ಇದ್ದವರಲ್ಲಿ ಕೆಲವರಿಗೆ ಈ ಬಿಳಿ ಪುಡಿಯ ದರ್ಶನ ಆಗಿದೆ. ಜೊತೆಗೆ ಮುಂಬಯಿಯ ಮಳೆಗಾಲದ ಗಾಳಿ ಬೇರೆ. ಜುಲೈ-ಆಗಸ್ಟಲ್ಲಿ ತೇವಾಂಶ ನೂರಕ್ಕೆ ಎಂಬತ್ತು ದಾಟೋದು ಇಲ್ಲಿ ಮಾಮೂಲು. ಚಪ್ಪಲಿಗೆ ಬೂಸ್ಟು ಹಿಡಿಯೋ ಮನೆಯಲ್ಲಿ, ಒಂದು ಹನಿ ರಸ ಬಿದ್ದ ಸ್ಪ್ರಿಂಗ್ ಎಷ್ಟು ದಿನ ತಡೆದೀತು? ತಿಂಗಳು ರಜೆ ಹೋಗೋದಾದ್ರೆ ಸೆಲ್ ಹೊರಗೆ ತೆಗೆದು ಹೋಗಿ.

ಸೋರಿದ್ದರೆ ತಕ್ಷಣ ಬಿಸಾಡಬೇಡಿ. ಆಲ್ಕಲೈನಿಂದ ಸೋರೋದು ಕ್ಷಾರ, ಪೊಟ್ಯಾಶಿಯಂ ಹೈಡ್ರಾಕ್ಸೈಡ್. ಅದಕ್ಕೆ ಹುಳಿ ಬೇಕು. ಇಯರ್‌ಬಡ್ ತುದಿಗೆ ಎರಡು ಹನಿ ವಿನೆಗರ್ ಅಥವಾ ನಿಂಬೆರಸ ಹಾಕಿ ಉಜ್ಜಿ. ಸ್ವಲ್ಪ ಬುರುಗು ಬರುತ್ತೆ, ಹೆದರಬೇಡಿ. ಆಮೇಲೆ ನೀರಲ್ಲಿ ಅದ್ದಿ ಹಿಂಡಿದ ಇಯರ್‌ಬಡ್ಡಲ್ಲಿ ಒರೆಸಿ, ಒಂದು ರಾತ್ರಿ ಒಣಗಲಿ. ಜಿಂಕ್ ಸೆಲ್ಲಿನ ರಸ ಆಮ್ಲದ ಕಡೆಯದು, ಅದಕ್ಕೆ ಅಡುಗೆ ಸೋಡಾ ಕಲಸಿದ ನೀರು. ಕೈಗೆ ಕವರ್ ಹಾಕಿಕೊಳ್ಳಿ, ಆ ಕೈಯಲ್ಲಿ ಕಣ್ಣು ಉಜ್ಜಬೇಡಿ, ಮಕ್ಕಳನ್ನು ದೂರ ಇಡಿ. ನನ್ನ ಮೌಸಿಗೆ ಇದನ್ನೆಲ್ಲ ಮಾಡಿದೆ, ಆದ್ರೆ ಸ್ಪ್ರಿಂಗೇ ಮುರಿದಿದ್ದರಿಂದ ಪ್ರಯೋಜನ ಆಗಲಿಲ್ಲ.

ರೀಚಾರ್ಜ್ ಆಗೋ ನಿಕೆಲ್ ಸೆಲ್ ನನ್ನ ಈಗಿನ ಆಯ್ಕೆ. 1.5ರ ಜಾಗದಲ್ಲಿ 1.2 ವೋಲ್ಟ್ ಮಾತ್ರ ಇದೆಯಲ್ಲ, ಸಾಕಾಗುತ್ತಾ ಅಂತ ಕೇಳ್ತೀರಿ. ಒಂದೇ ಸೆಲ್ಲಿನ ಮೌಸಲ್ಲಿ ವೋಲ್ಟೇಜ್ ಮೇಲೆತ್ತೋ ಸರ್ಕ್ಯೂಟ್ ಇದ್ದೇ ಇರುತ್ತೆ. ಆಲ್ಕಲೈನ್ ಸೆಲ್ಲೂ ಬಳಸ್ತಾ ಬಳಸ್ತಾ 1.2ಕ್ಕೆ, ಕೊನೆಗೆ ಒಂದಕ್ಕೂ ಇಳಿಯುತ್ತಲ್ಲ, ಅಲ್ಲಿವರೆಗೂ ಮೌಸ್ ಓಡಬೇಕು ತಾನೇ. ಹಾಗಾಗಿ ತೊಂದರೆ ಇಲ್ಲ. ತೊಂದರೆ ಇರೋದು ಮುನ್ಸೂಚನೆಯಲ್ಲಿ. ಆಲ್ಕಲೈನಿನ ವೋಲ್ಟೇಜ್ ಲೋನಾವಳ ಘಾಟಿ ಇಳಿದ ಹಾಗೆ ನಿಧಾನಕ್ಕೆ ಇಳಿಯುತ್ತೆ, ಕೆಂಪು ದೀಪ ಹತ್ತಿದ ಮೇಲೂ ದಿನಗಟ್ಟಲೆ ಸಮಯ ಇರುತ್ತೆ. ನಿಕೆಲ್ ಸೆಲ್ 1.2ರಲ್ಲೇ ಸಮತಟ್ಟಾಗಿ ಹೋಗಿ ಕೊನೆಗೆ ಒಮ್ಮೆಗೇ ಬೀಳುತ್ತೆ. ದೀಪ ನಂಬಿ ಕೂತರೆ ಡೆಮೊ ಮಧ್ಯದಲ್ಲಿ ಕೈ ಕೊಡುತ್ತೆ. ನಾನು ದೀಪ ನೋಡೋದೇ ಬಿಟ್ಟಿದೀನಿ. ನಾಲ್ಕು ತಿಂಗಳಿಗೊಮ್ಮೆ ಕ್ಯಾಲೆಂಡರ್ ರಿಮೈಂಡರ್, ಸೆಲ್ ಬದಲು, ಹಳೆಯದು ಚಾರ್ಜಿಗೆ. ಕೊಳ್ಳುವಾಗ ಲೋ ಸೆಲ್ಫ್ ಡಿಸ್‌ಚಾರ್ಜ್ ಅಂತ ಇದೆಯಾ ನೋಡಿ. 2005ರಲ್ಲಿ ಸಾನ್ಯೋ ತಂದ ಎನೆಲೂಪ್ ಈ ಜಾತಿಯನ್ನು ಮನೆಮಾತು ಮಾಡಿತು, ಈಗ ಅದು ಪ್ಯಾನಸೋನಿಕ್ ಹೆಸರಲ್ಲಿ ಬರುತ್ತೆ. ಹಳೇ ಕಾಲದ ನಿಕೆಲ್ ಸೆಲ್ ಸುಮ್ಮನೆ ಕೂತೇ ಕೆಲವು ತಿಂಗಳಲ್ಲಿ ಖಾಲಿ ಆಗ್ತಿತ್ತು, ಮೌಸಿಗೆ ಅದು ದಂಡ. ಇತ್ತೀಚೆಗೆ ಬಂದಿರೋ, ಸೆಲ್ಲಿಗೇ ಟೈಪ್-ಸಿ ರಂಧ್ರ ಇರೋ 1.5 ವೋಲ್ಟ್ ಲಿಥಿಯಂ ಸೆಲ್ಲುಗಳದ್ದೂ ಇದೇ ಸಮಸ್ಯೆ. ಕೊನೇ ಕ್ಷಣದವರೆಗೂ ಒಂದೂವರೆ ವೋಲ್ಟ್ ತೋರಿಸಿ ದಿಢೀರನೆ ಸಾಯುತ್ತೆ.

ಒಳಗೇ ಬ್ಯಾಟರಿ ಇರೋ ದುಬಾರಿ ಮೌಸುಗಳ ಕಥೆ ಬೇರೆ. ಎಂಎಕ್ಸ್ ಮಾಸ್ಟರ್ 3ರಲ್ಲಿ 500 ಎಂಎಎಚ್ ಬ್ಯಾಟರಿ, ಪೂರ್ತಿ ಚಾರ್ಜಿಗೆ 70 ದಿನ ಅಂತ ಕಂಪನಿ ಹೇಳುತ್ತೆ, ಒಂದು ನಿಮಿಷ ಚಾರ್ಜ್ ಮಾಡಿದರೆ ಮೂರು ಗಂಟೆ. ಈ ಕೊನೇ ಮಾತು ಮುಖ್ಯ. ಡೆಮೊ ದಿನ ನನ್ನ ಕೈಯಲ್ಲಿ ಅಂಥದ್ದು ಇದ್ದಿದ್ರೆ ಗಡಿಯಾರ ಬಚಾವಾಗ್ತಿತ್ತು. ಕೇಬಲ್ ಚುಚ್ಚಿಕೊಂಡೇ ಕೆಲಸ ಮುಂದುವರಿಸಬಹುದು. ಆಪಲ್ ಮ್ಯಾಜಿಕ್ ಮೌಸಲ್ಲಿ ಮಾತ್ರ ಅದಾಗಲ್ಲ. 2015ರಲ್ಲಿ ಚಾರ್ಜಿಂಗ್ ರಂಧ್ರವನ್ನು ಹೊಟ್ಟೆಯಡಿ ಇಟ್ಟರು, 2024ರಲ್ಲಿ ಅದನ್ನು ಟೈಪ್-ಸಿ ಮಾಡಿದಾಗಲೂ ಜಾಗ ಬದಲಾಯಿಸಲಿಲ್ಲ. ಮಗುಚಿ ಬಿದ್ದ ಜಿರಳೆ ಥರ ಮಲಗಿಸಿಯೇ ಚಾರ್ಜ್ ಮಾಡಬೇಕು.

ಶಕ್ತಿಯ ಲೆಕ್ಕ ಹಾಕಿದರೆ ಒಂದು ತಮಾಷೆ ಕಾಣುತ್ತೆ. 500 ಎಂಎಎಚ್ ಲಿಥಿಯಂ, 3.7 ವೋಲ್ಟ್, ಅಂದ್ರೆ 1.85 ವ್ಯಾಟ್-ಅವರ್. ಒಂದು ಆಲ್ಕಲೈನ್ ಪೆನ್ಸಿಲ್ ಸೆಲ್ಲಲ್ಲಿ ಸುಮಾರು ಮೂರು. ಸಾವಿರಾರು ರೂಪಾಯಿಯ ಮೌಸಿನ ಹೊಟ್ಟೆಗಿಂತ ಕಿರಾಣಿ ಅಂಗಡಿ ಸೆಲ್ಲಲ್ಲಿ ಹೆಚ್ಚು ಸರಕು! 70 ದಿನಕ್ಕೊಮ್ಮೆ ಅಂದ್ರೆ ವರ್ಷಕ್ಕೆ ಐದಾರು ಸಲ ಚಾರ್ಜ್, ಹಾಗಾಗಿ ಚಾರ್ಜ್ ಮಾಡಿ ಮಾಡಿ ಬ್ಯಾಟರಿ ಸವೆಯೋ ಭಯ ಇಲ್ಲ. ಅದನ್ನು ಕೊಲ್ಲೋದು ವಯಸ್ಸು, ಸೆಕೆ, ಮತ್ತು ಪೂರ್ತಿ ಖಾಲಿಯಾಗಿ ಡ್ರಾಯರಲ್ಲಿ ಮರೆತುಹೋಗೋದು. ಅರ್ಧ ಚಾರ್ಜಲ್ಲಿ ಸ್ವಿಚ್ ಆಫ್ ಮಾಡಿ ಎತ್ತಿಡಿ. ಅದು ಸತ್ತ ದಿನ ಸೆಲ್ ಬದಲಿಸಿದಷ್ಟು ಸುಲಭದಲ್ಲಿ ಮುಗಿಯಲ್ಲ, ಅಡಿಯ ಸ್ಟಿಕ್ಕರ್ ಕಿತ್ತು ಸ್ಕ್ರೂ ಬಿಚ್ಚೋ ಧೈರ್ಯ ಬೇಕು. ಹತ್ತು ವರ್ಷ ಬಾಳಿಕೆ ಬೇಕು ಅನ್ನೋರಿಗೆ ನಾನು ಇವತ್ತಿಗೂ ಪೆನ್ಸಿಲ್ ಸೆಲ್ ಮೌಸನ್ನೇ ಹೇಳ್ತೀನಿ.

ಇನ್ನು ನಮ್ಮ ಊರಿಗೇ ಅಂಟಿದ ಖರ್ಚೊಂದಿದೆ, ಲೋಕಲ್ ಟ್ರೈನು. ವಾರದಲ್ಲಿ ಮೂರು ದಿನ ಡೊಂಬಿವಲಿಯಲ್ಲಿ ಹತ್ತಿ, ಥಾಣೆಯಲ್ಲಿ ಇಳಿದು, ಟ್ರಾನ್ಸ್ ಹಾರ್ಬರ್ ಹಿಡಿದು ಐರೋಲಿಗೆ ಹೋಗ್ತೀನಿ. ಬ್ಯಾಗು ಎದೆ ಮೇಲೆ, ಸುತ್ತ ಜನ. ಮೌಸಿನ ಸ್ವಿಚ್ ಆನ್ ಇದ್ರೆ ದಾರಿಯುದ್ದಕ್ಕೂ ಬ್ಯಾಗಿನ ಬಟ್ಟೆ ಅದರ ಕಣ್ಣ ಮುಂದೆ ಅಲ್ಲಾಡ್ತಾ ಇರುತ್ತೆ, ಬಟನ್ ಯಾರದೋ ಮೊಣಕೈಗೆ ಒತ್ತುತ್ತಾ ಇರುತ್ತೆ. ಮೌಸಿಗೆ ನಿದ್ದೆ ಇಲ್ಲ. ಎಚ್ಚರವಾಗಿ, ಪಕ್ಕದಲ್ಲಿಲ್ಲದ ರಿಸೀವರನ್ನು ಹುಡುಕುತ್ತೆ. ದಿನಕ್ಕೆ ಎರಡು ಗಂಟೆಯ ಈ ಓಡಾಟ, ಮೊದಲು ಹಾಕಿದ ಲೆಕ್ಕದಲ್ಲಿ, ಅರ್ಧ ದಿನದ ಕೆಲಸಕ್ಕೆ ಸಮ. ಮೇಜಿನಿಂದ ಏಳುವಾಗ ಸ್ವಿಚ್ ಆಫ್. ಸ್ವಿಚ್ಚೇ ಇಲ್ಲದ ಮೌಸ್ ಓಡಾಡೋರು ಕೊಳ್ಳಲೇಬೇಡಿ.

ರಿಸೀವರನ್ನು ಲ್ಯಾಪ್‌ಟಾಪಲ್ಲೇ ಬಿಟ್ಟು ಗರ್ದಿಯಲ್ಲಿ ನುಗ್ಗಬೇಡಿ. ಸೆಲ್ ಮುಚ್ಚಳದೊಳಗೆ ಅದಕ್ಕೊಂದು ಗೂಡು ಇರುತ್ತೆ, ಅಲ್ಲಿ ಇಡಿ. ಕಳೆದ್ರೆ, ಅಗ್ಗದ ಮೌಸುಗಳಲ್ಲಿ ಆ ಜೋಡಿ ಕಾರ್ಖಾನೆಯಲ್ಲೇ ಕಟ್ಟಿದ್ದು, ಮೌಸೂ ವ್ಯರ್ಥ. 2009ರ ಯೂನಿಫೈಯಿಂಗ್, 2021ರ ಲಾಜಿ ಬೋಲ್ಟ್ ಥರದ ರಿಸೀವರಾದ್ರೆ ಬೇರೆ ಕೊಂಡು ಹೊಸದಾಗಿ ಜೋಡಿಸಬಹುದು. ಬ್ಲೂಟೂತ್ ಮೌಸಲ್ಲಿ ಕಳೆಯೋಕೆ ಏನೂ ಇಲ್ಲ, ಪೋರ್ಟೂ ಉಳಿಯುತ್ತೆ. ಆದ್ರೆ ನಿದ್ದೆಯಿಂದ ಎದ್ದಾಗ ಒಂದೆರಡು ಸೆಕೆಂಡು ತಡವರಿಸೋದನ್ನು ಸಹಿಸಬೇಕು, ಆಫೀಸಿನ ಐಟಿಯವರು ಬ್ಲೂಟೂತ್ ಮುಚ್ಚಿದ್ದಾರಾ ಅಂತ ಮೊದಲೇ ಕೇಳಬೇಕು.

ಸೆಲ್ಲಿನ ಮೇಲೆ ಸುಮ್ಮನೆ ಬೀಳೋ ಅಪವಾದವೂ ಒಂದಿದೆ. ಕರ್ಸರ್ ತೊದಲುತ್ತೆ, ಹಾರುತ್ತೆ, ಸೆಲ್ ಹೋಯ್ತು ಅಂತ ಬದಲಿಸ್ತೀವಿ, ಸರಿ ಹೋಗಲ್ಲ. ಯುಎಸ್‌ಬಿ 3 ಪೋರ್ಟು, ಅದಕ್ಕೆ ಹಾಕಿದ ಹಾರ್ಡ್ ಡಿಸ್ಕು, ಡಾಕ್ ಇವೆಲ್ಲ ಮೌಸ್ ಮಾತಾಡೋ 2.4 ಗಿಗಾಹರ್ಟ್ಸಿನ ಆಸುಪಾಸಲ್ಲೇ ರೇಡಿಯೋ ಗದ್ದಲ ಎಬ್ಬಿಸುತ್ತವೆ. 2012ರಲ್ಲಿ ಇಂಟೆಲ್ ಇದನ್ನೇ ಅಳೆದು ವರದಿ ಕೊಟ್ಟಿತ್ತು. ರಿಸೀವರನ್ನು ಒಂದು ಗಿಡ್ಡ ಎಕ್ಸ್‌ಟೆನ್ಶನ್ ಕೇಬಲ್ಲಿಗೆ ಹಾಕಿ ಮೌಸಿನ ಹತ್ತಿರ ತನ್ನಿ. ಮೀನು ಮಾರ್ಕೆಟ್ಟಲ್ಲಿ ಪಿಸುಗುಟ್ಟೋ ಬದಲು ಕಿವಿ ಹತ್ತಿರ ಬಂದು ಹೇಳಿದ ಹಾಗೆ. ಒಂದು ಕ್ಲಿಕ್ಕಿಗೆ ಎರಡು ಬೀಳೋದು ಮಾತ್ರ ಬಟನ್ ಸ್ವಿಚ್ ಸವೆದದ್ದು, ಸೆಲ್ ಬದಲಿಸಿ ಉಪಯೋಗ ಇಲ್ಲ.

ಟೇಬಲ್ಲೂ ಸೆಲ್ ತಿನ್ನುತ್ತೆ. ಕಪ್ಪು, ಬೆಳಕು ಹೀರೋ ಮೇಲ್ಮೈಯಲ್ಲಿ ಸಾಕಷ್ಟು ಸಂವೇದಕಗಳು ದೀಪವನ್ನು ಹೆಚ್ಚು ಹೊತ್ತು ಉರಿಸಬೇಕಾಗುತ್ತೆ. ಗಾಜಿನ ಮೇಲಂತೂ ಸಾಧಾರಣ ಮೌಸ್ ಕುರುಡು. ಗಾಜಿನ ಮೇಲೆ ಓಡೋದು ಡಾರ್ಕ್‌ಫೀಲ್ಡ್ ಥರದ ಸಂವೇದಕ ಇರೋದು, ಅದಕ್ಕೂ ಗಾಜು ಕನಿಷ್ಠ ನಾಲ್ಕು ಮಿಲಿಮೀಟರ್ ದಪ್ಪ ಬೇಕು. ಪ್ಯಾಡ್ ಕೊಳ್ಳೋವರೆಗೆ ಹಳೇ ಉದಯವಾಣಿ ಮಡಚಿ ಹಾಸಿ. ನ್ಯೂಸ್‌ಪ್ರಿಂಟಿನ ಒರಟು ಈ ಕ್ಯಾಮೆರಾಗೆ ಬಹಳ ಇಷ್ಟ.

ಈಗ ನನ್ನ ಟೇಬಲ್ ಮೇಲೆ ಇರೋದು ಒಂದು ಸೆಲ್ಲಿನ ಸಾಧಾರಣ ಮೌಸ್, ಎರಡು ಎಚ್‌ಆರ್6 ಸೆಲ್ ಸರದಿಯಲ್ಲಿ, ಮಾನಿಟರ್ ಹಿಂದೆ ಟೇಪ್ ಹಾಕಿ ಅಂಟಿಸಿದ ಒಂದು ಎಲ್‌ಆರ್6. ಜೊತೆಗೆ ವೈರಿರೋ ಹಳೇ ಮೌಸ್ ಒಂದು, ಡೆಮೊ ದಿನ ಅದನ್ನೂ ಚುಚ್ಚಿಯೇ ಇಡ್ತೀನಿ. ಖಾಲಿ ಸೆಲ್ಲುಗಳನ್ನು ಹಸಿ ಕಸಕ್ಕೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮದಲ್ಲಿ ಇಂಥ ಸಣ್ಣ ಸೆಲ್ಲೂ ಬರುತ್ತೆ, ಸಂಗ್ರಹಿಸೋ ಹೊಣೆ ತಯಾರಕರ ಮೇಲಿದೆ. ನಿಮ್ಮ ಸೊಸೈಟಿಯಲ್ಲಿ ಇ-ತ್ಯಾಜ್ಯ ಸಂಗ್ರಹಿಸೋ ದಿನ ಇದ್ದರೆ ಅಲ್ಲಿ ಕೊಡಿ. ನಾವು ಹಳೇ ಹಾರ್ಲಿಕ್ಸ್ ಬಾಟ್ಲಿಯಲ್ಲಿ ಕೂಡಿಡ್ತೀವಿ. ಗಡಿಯಾರಕ್ಕೆ ಮತ್ತೆ ಅದೇ ಆರ್6 ಹಾಕಿದೀನಿ, ಅದರ ಪಕ್ಕದಲ್ಲಿ ಹೆಂಡತಿ ಒಂದು ಚೀಟಿ ಅಂಟಿಸಿದ್ದಾಳೆ: ಮುಟ್ಟಬೇಡಿ.